ದ್ವೀಪದವರು ಕುಡಿದದ್ದು ಯಾವ ನೀರು?

ಅಮೆರಿಕ ಮತ್ತೆ ಅಣ್ವಸ್ತ್ರ ಪರೀಕ್ಷೆಗೆ ಇಳಿಯುತ್ತದೆಯೇ? ಬೇರೆ ದೇಶಗಳಿಗೆ ಸರಿಸಮನಾಗಿ ನಾವೂ ಪರೀಕ್ಷೆ ಆರಂಭಿಸುತ್ತೇವೆ ಎಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಅಕ್ಟೋಬರ್ 30ರಂದು ಪ್ರಕಟಿಸಿದಾಗಿನಿಂದ ಈ ಪ್ರಶ್ನೆ ಚಾಲ್ತಿಯಲ್ಲಿದೆ. ಇದು ಸ್ಫೋಟದ ಮಾತಲ್ಲ, ಬಾಂಬಿನ ಬಿಡಿಭಾಗಗಳು ಸರಿಯಾಗಿ ಕೆಲಸ ಮಾಡುತ್ತವೆಯೇ ಎಂದು ನೋಡುವ ಪರೀಕ್ಷೆಯಷ್ಟೇ ಎಂದು ಅಲ್ಲಿನ ಇಂಧನ ಕಾರ್ಯದರ್ಶಿ ಕ್ರಿಸ್ ರೈಟ್ ಮೂರೇ ದಿನದಲ್ಲಿ ಸಮಜಾಯಿಷಿ ಕೊಟ್ಟರು. ಅಮೆರಿಕ ಕೊನೆಯ ಸಲ ಅಣುಬಾಂಬ್ ಸಿಡಿಸಿದ್ದು 1992ರಲ್ಲಿ, ಅದೂ ನೆಲದಡಿಯಲ್ಲಿ. ತೆರೆದ ಆಕಾಶದಲ್ಲಿ ಜಗತ್ತಿನ ಕೊನೆಯ ಪರೀಕ್ಷೆ ನಡೆಸಿದ್ದು ಚೀನಾ, 1980ರಲ್ಲಿ. ಮುಂದೆ ಏನಾಗುತ್ತದೋ ಗೊತ್ತಿಲ್ಲ. ಆದರೆ ಹಿಂದೆ ಸಿಡಿದ ಬಾಂಬುಗಳ ಲೆಕ್ಕವೇ ಇನ್ನೂ ಚುಕ್ತಾ ಆಗಿಲ್ಲ ಎಂಬುದು ಮಾತ್ರ ಗೊತ್ತಿದೆ.

ಟ್ರಂಪ್ ಪ್ರಕಟಣೆಗೆ ನಾಲ್ಕು ತಿಂಗಳ ಮೊದಲು ಫ್ರಾನ್ಸ್ ಸಂಸತ್ತಿನ ವಿಚಾರಣಾ ಸಮಿತಿಯೊಂದು ತನ್ನ ವರದಿ ಕೊಟ್ಟಿತು. ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾ ದ್ವೀಪಗಳಲ್ಲಿ 1966ರಿಂದ 1996ರವರೆಗೆ ನಡೆದ 193 ಪರೀಕ್ಷೆಗಳಿಗಾಗಿ ದೇಶ ಆ ಜನರ ಕ್ಷಮೆ ಕೇಳಬೇಕು ಎಂದು ಅದು ಹೇಳಿತು. ಜೊತೆಗೆ, ಕ್ಯಾನ್ಸರ್ ಪೀಡಿತರಿಗೆ ಪರಿಹಾರ ಕೊಡಲು ಈಗ ಬಳಸುತ್ತಿರುವ 1 ಮಿಲಿಸೀವರ್ಟ್ ಎಂಬ ಗೆರೆಯನ್ನು ಅಳಿಸಿಹಾಕಬೇಕು ಎಂದೂ ಶಿಫಾರಸು ಮಾಡಿತು. ಕ್ಷಮೆಯ ಮಾತು ಸುದ್ದಿಯಾಯಿತು. ಗೆರೆಯ ಮಾತು ಅಷ್ಟಾಗಿ ಆಗಲಿಲ್ಲ. ಈ ಲೇಖನ ಆ ಗೆರೆಯ ಬಗ್ಗೆ.

ಯಾಕೆಂದರೆ ಗೆರೆಯ ಆಚೆ ಯಾರು, ಈಚೆ ಯಾರು ಎಂದು ನಿರ್ಧರಿಸುವುದು ಯಾವುದೋ ಯಂತ್ರದ ಮುಳ್ಳಲ್ಲ. ಅದೊಂದು ಅಂದಾಜು. ಐವತ್ತು–ಅರವತ್ತು ವರ್ಷಗಳ ಹಿಂದೆ ಒಂದು ದ್ವೀಪದ ಮೇಲೆ ಎಷ್ಟು ದೂಳು ಬಿತ್ತು, ಅಲ್ಲಿನವರ ಮೈಗೆ ಅದರಲ್ಲಿ ಎಷ್ಟು ಸೇರಿತು ಎಂಬ ಅಂದಾಜು. ಆ ಅಂದಾಜಿನಲ್ಲಿ ಬಾಂಬಿನ ಗಾತ್ರಕ್ಕೆ ಇರುವಷ್ಟೇ ತೂಕ ಜನ ಕುಡಿದ ನೀರಿಗೂ ಇದೆ.

ಲೆಕ್ಕ ಕಟ್ಟುವುದು ಹೇಗೆ?

ಬಾಂಬ್ ನೆಲಕ್ಕೋ ನೀರಿಗೋ ಹತ್ತಿರದಲ್ಲಿ ಸಿಡಿದಾಗ ಮಣ್ಣು, ಹವಳ, ಲೋಹ ಎಲ್ಲ ಆವಿಯಾಗಿ ಮೇಲೇರುತ್ತವೆ. ಮೇಲೆ ತಣ್ಣಗಾಗುತ್ತಾ ವಿಕಿರಣಶೀಲ ವಸ್ತುಗಳನ್ನು ಅಂಟಿಸಿಕೊಂಡ ದೂಳಾಗುತ್ತವೆ. ಗಾಳಿ ಹೋದತ್ತ ದೂಳು ಹೋಗುತ್ತದೆ. ದಪ್ಪ ಕಣ ಬೇಗ ಬೀಳುತ್ತದೆ, ನುಣ್ಣಗಿನದು ದೂರ ಹೋಗುತ್ತದೆ. ದಾರಿಯಲ್ಲಿ ಮಳೆ ಸಿಕ್ಕರೆ ಅದರೊಂದಿಗೆ ಒಮ್ಮೆಲೇ ಕೆಳಗಿಳಿಯುತ್ತದೆ.

ಒಬ್ಬ ಮನುಷ್ಯನಿಗೆ ತಗುಲಿದ ವಿಕಿರಣದ ಪ್ರಮಾಣವನ್ನು ಅಂದಾಜಿಸಲು ನಾಲ್ಕು ಮೆಟ್ಟಿಲು ಹತ್ತಬೇಕು. ಮೊದಲನೆಯದು, ಮೋಡದಲ್ಲಿ ಏನಿತ್ತು, ಎಷ್ಟು ಎತ್ತರಕ್ಕೆ ಹೋಯಿತು, ಗಾಳಿ ಯಾವ ಕಡೆಗಿತ್ತು. ಎರಡನೆಯದು, ಊರಿನ ಮೇಲೆ ಎಷ್ಟು ಬಿತ್ತು, ಯಾವ ಹೊತ್ತಿಗೆ ಬಿತ್ತು. ಮೂರನೆಯದು, ಜನ ಆಗ ಎಲ್ಲಿದ್ದರು, ಏನು ತಿಂದರು, ಏನು ಕುಡಿದರು. ನಾಲ್ಕನೆಯದು, ದೇಹದೊಳಗೆ ಹೋದದ್ದು ಯಾವ ಅಂಗಕ್ಕೆ ಎಷ್ಟು ಪೆಟ್ಟು ಕೊಟ್ಟಿತು. ಒಂದರ ಉತ್ತರವನ್ನು ಮುಂದಿನದಕ್ಕೆ ಗುಣಿಸುತ್ತಾ ಹೋಗಬೇಕು. ಹಾಗಾಗಿ ಒಂದು ಮೆಟ್ಟಿಲಲ್ಲಿ ಹತ್ತು ಪಟ್ಟು ತಪ್ಪಿದರೆ ಕೊನೆಯ ಉತ್ತರವೂ ಹತ್ತು ಪಟ್ಟು ತಪ್ಪುತ್ತದೆ. ಸಾಫ್ಟ್‌ವೇರ್ ಬರೆಯುವವರಿಗೆ ಇದು ಹೊಸ ಪಾಠವಲ್ಲ. ಒಳಗೆ ಹಾಕಿದ ದತ್ತಾಂಶ ಹೇಗೋ ಹೊರಗೆ ಬರುವ ಉತ್ತರವೂ ಹಾಗೆಯೇ.

ಹೊತ್ತಿನ ವಿಷಯವನ್ನೇ ನೋಡಿ. ಸ್ಫೋಟದ ದೂಳಿನ ತೀವ್ರತೆ ಇಳಿಯುವುದಕ್ಕೆ ಒಂದು ಒರಟು ಸೂತ್ರವಿದೆ: ಸಮಯ ಏಳು ಪಟ್ಟಾದರೆ ತೀವ್ರತೆ ಹತ್ತನೇ ಒಂದಕ್ಕೆ ಇಳಿಯುತ್ತದೆ. ಸ್ಫೋಟವಾದ ಒಂದು ಗಂಟೆಗೆ 1,000 ಇದ್ದದ್ದು ಏಳು ಗಂಟೆಗೆ 100, ನಲವತ್ತೊಂಬತ್ತು ಗಂಟೆಗೆ 10. ಅಳೆಯುವವರು ಒಂದು ವಾರ ತಡವಾಗಿ ಬಂದರೆ ಅವರ ಕೈಗೆ ಸಿಗುವುದು ಬಾಲ ಮಾತ್ರ. ಅದನ್ನು ಹಿಡಿದುಕೊಂಡು ತಲೆ ಎಷ್ಟಿತ್ತು ಎಂದು ಹಿಂದಕ್ಕೆ ಲೆಕ್ಕ ಹಾಕಬೇಕು. ದೂಳು ಬಿದ್ದ ಗಳಿಗೆ ಯಾವುದು ಎಂಬುದರಲ್ಲಿ ನಾಲ್ಕಾರು ಗಂಟೆ ಹೆಚ್ಚುಕಮ್ಮಿಯಾದರೂ ಉತ್ತರ ಬದಲಾಗುತ್ತದೆ.

ರೊಂಗೆಲಾಪ್: ಮೂತ್ರದಲ್ಲಿ ಉಳಿದ ಸಾಕ್ಷ್ಯ

1946ರಿಂದ 1958ರವರೆಗೆ ಅಮೆರಿಕ ಮಾರ್ಷಲ್ ದ್ವೀಪಗಳಲ್ಲಿ 67 ಪರೀಕ್ಷೆ ನಡೆಸಿತು. ಅವುಗಳಲ್ಲಿ ದೊಡ್ಡದು 1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಸಿಡಿಸಿದ ಕ್ಯಾಸಲ್ ಬ್ರಾವೊ. ಸುಮಾರು 6 ಮೆಗಾಟನ್ ಎಂದುಕೊಂಡಿದ್ದು 15 ಮೆಗಾಟನ್ ಆಗಿ ಸಿಡಿಯಿತು. ಬಾಂಬಿನಲ್ಲಿದ್ದ ಲೀಥಿಯಂ–7 ಸುಮ್ಮನಿರುತ್ತದೆ ಎಂದು ವಿನ್ಯಾಸಕಾರರು ಭಾವಿಸಿದ್ದರು, ಅದು ಸುಮ್ಮನಿರಲಿಲ್ಲ. ಗಾಳಿ ಪೂರ್ವಕ್ಕೆ ತಿರುಗುವ ಸೂಚನೆ ಹಿಂದಿನ ದಿನವೇ ಇತ್ತು. ಆದರೂ ಪರೀಕ್ಷೆ ಮುಂದೂಡಲಿಲ್ಲ.

ಪೂರ್ವಕ್ಕೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದ್ದ ರೊಂಗೆಲಾಪ್ ದ್ವೀಪದ ಮೇಲೆ ಅದೇ ದಿನ ಬಿಳಿಯ ಪುಡಿ ಸುರಿಯಿತು. ಸುಟ್ಟ ಹವಳದ ಪುಡಿ ಅದು. ಅಲ್ಲಿನವರಿಗೆ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ. ಪುಡಿ ನೀರಿನ ತೊಟ್ಟಿಗೂ ಬಿತ್ತು, ಅನ್ನದ ಪಾತ್ರೆಗೂ ಬಿತ್ತು, ಮಕ್ಕಳ ತಲೆಗೂದಲಿಗೂ ಬಿತ್ತು. ಎರಡು ದಿನ ಕಳೆದ ಮೇಲೆ ಅವರನ್ನು ಸ್ಥಳಾಂತರಿಸಲಾಯಿತು. ಅದೇ ದೂಳು ಜಪಾನಿನ ಲಕ್ಕಿ ಡ್ರ್ಯಾಗನ್ ಎಂಬ ಮೀನುಗಾರಿಕೆ ದೋಣಿಯ 23 ಮಂದಿಯ ಮೇಲೂ ಬಿತ್ತು. ಅವರಲ್ಲಿ ಒಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ರೊಂಗೆಲಾಪ್ ಜನರ ವಿಷಯದಲ್ಲಿ ಒಂದು ಸಾಕ್ಷ್ಯ ಉಳಿಯಿತು. ಸ್ಫೋಟವಾಗಿ ಸುಮಾರು ಎರಡು ವಾರಕ್ಕೆ ಅವರ ಮೂತ್ರ ಸಂಗ್ರಹಿಸಿ ಅಮೆರಿಕಕ್ಕೆ ಕಳಿಸಿ, ಅದರಲ್ಲಿದ್ದ ವಿಕಿರಣಶೀಲ ಅಯೋಡಿನ್ ಅಳೆದಿದ್ದರು. ದಶಕಗಳ ನಂತರ, ಅವರ ಥೈರಾಯ್ಡ್ ಗ್ರಂಥಿಗೆ ಎಷ್ಟು ಪೆಟ್ಟು ಬಿದ್ದಿರಬಹುದು ಎಂಬ ಲೆಕ್ಕವನ್ನು ಸಂಶೋಧಕರು ಮತ್ತೆ ಕಟ್ಟಿದಾಗ ಆಧಾರವಾದದ್ದು ಆ ಕೆಲವೇ ಅಂಕಿಗಳು. ಗಾಳಿ, ಮೋಡ, ಆಹಾರ ಇವೆಲ್ಲದರ ಬಗ್ಗೆ ಎಷ್ಟೇ ವಾದ ಮಾಡಬಹುದು. ಮೂತ್ರದಲ್ಲಿ ಅಯೋಡಿನ್ ಇದ್ದರೆ ಅದು ದೇಹದೊಳಗೆ ಹೋಗಿತ್ತು ಎಂದೇ ಅರ್ಥ. ಮಾರ್ಷಲ್ ದ್ವೀಪಗಳ ಬೇರೆ ಬಹುಪಾಲು ಜನರಿಗೆ ಇಂಥ ದಾಖಲೆಯೇ ಇಲ್ಲ. ಅವರ ಪಾಲಿಗೆ ಎಲ್ಲವೂ ಅಂದಾಜು. ಇಡೀ ದ್ವೀಪಸಮೂಹದಲ್ಲಿ ಈ ದೂಳಿನಿಂದ ಒಟ್ಟು ಸುಮಾರು 170 ಹೆಚ್ಚುವರಿ ಕ್ಯಾನ್ಸರ್ ಪ್ರಕರಣಗಳಾಗಬಹುದು ಎಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಅಂದಾಜಿಸಿದರು.

ರೊಂಗೆಲಾಪ್ ಜನರನ್ನು 1957ರಲ್ಲಿ ಊರಿಗೆ ವಾಪಸು ಕಳಿಸಲಾಗಿತ್ತು. ಸುರಕ್ಷಿತ ಎಂಬ ಮಾತನ್ನು ನಂಬದೆ 1985ರಲ್ಲಿ ಅವರೇ ದ್ವೀಪ ಬಿಟ್ಟರು. ಅವರನ್ನು ಸಾಗಿಸಿದ್ದು ಗ್ರೀನ್‌ಪೀಸ್ ಸಂಸ್ಥೆಯ ರೇನ್‌ಬೋ ವಾರಿಯರ್ ಹಡಗು. ಅದಾಗಿ ಎರಡೇ ತಿಂಗಳಿಗೆ, ಫ್ರಾನ್ಸಿನ ಪರೀಕ್ಷೆಗಳನ್ನು ಪ್ರತಿಭಟಿಸಲು ಮೊರುರೊವಾ ಕಡೆಗೆ ಹೊರಡಬೇಕಿದ್ದ ಆ ಹಡಗನ್ನು ಫ್ರೆಂಚ್ ಗೂಢಚಾರರು ಆಕ್ಲೆಂಡ್ ಬಂದರಿನಲ್ಲಿ ಸ್ಫೋಟಿಸಿ ಮುಳುಗಿಸಿದರು.

ಮಂಗರೇವಾ ಮತ್ತು ತಹಿತಿ: ತೊಟ್ಟಿ ನೀರೋ ತೊರೆ ನೀರೋ

ಮೊರುರೊವಾದಲ್ಲಿ ಫ್ರಾನ್ಸಿನ ಮೊದಲ ಪರೀಕ್ಷೆ ನಡೆದದ್ದು 1966ರ ಜುಲೈ 2ರಂದು. ಹೆಸರು ಆಲ್ದೆಬರಾನ್. ಅದರ ದೂಳು ನಾಲ್ಕು ನೂರು ಕಿಲೋಮೀಟರಿಗೂ ಆಚೆ ಇರುವ ಗಾಂಬಿಯೆ ದ್ವೀಪಗಳ ಮೇಲೆ ಬಿತ್ತು. ಅಲ್ಲಿ ಮಂಗರೇವಾ ಎಂಬ ದ್ವೀಪ, ಅದರಲ್ಲಿ ರಿಕಿತೆಯಾ ಎಂಬ ಊರು.

ಫ್ರಾನ್ಸಿನ ಪರಮಾಣು ಶಕ್ತಿ ಆಯೋಗ 2006ರಲ್ಲಿ ಈ ಜನರಿಗೆ ತಗುಲಿದ ವಿಕಿರಣದ ಅಧಿಕೃತ ಅಂದಾಜು ಪ್ರಕಟಿಸಿತು. ಊರು, ವರ್ಷ, ವಯಸ್ಸು ಹೀಗೆ ಕೋಷ್ಟಕಗಳು. ಪರಿಹಾರ ಸಮಿತಿ ಅರ್ಜಿಗಳನ್ನು ತೂಗಿದ್ದು ಈ ಕೋಷ್ಟಕಗಳನ್ನು ಇಟ್ಟುಕೊಂಡೇ. 2021ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸೆಬಾಸ್ಟಿಯನ್ ಫಿಲಿಪ್ ಮತ್ತು ಪತ್ರಕರ್ತ ತೊಮಾ ಸ್ಟಾಟಿಯಸ್, ಸೇನೆ ಬಹಿರಂಗಪಡಿಸಿದ ಹಳೆಯ ಕಡತಗಳನ್ನು ಆಧರಿಸಿ ಅದೇ ಲೆಕ್ಕವನ್ನು ಮರಳಿ ಮಾಡಿದರು. ಕೆಲವು ಕಡೆ ಅಧಿಕೃತ ಅಂದಾಜಿಗಿಂತ ಎರಡರಿಂದ ಹತ್ತು ಪಟ್ಟು ಹೆಚ್ಚು ಬಂತು. ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ ನೀರು. ಗಾಂಬಿಯೆ ಜನ ತೊರೆಯ ನೀರು ಕುಡಿದರು ಎಂದು ಅಧಿಕೃತ ಲೆಕ್ಕ ಎಣಿಸಿತ್ತು. ನಾವು ಕುಡಿದದ್ದು ಮಾಡಿನಿಂದ ಇಳಿದು ತೊಟ್ಟಿಯಲ್ಲಿ ನಿಂತ ಮಳೆನೀರು ಎಂದು ದ್ವೀಪದವರು ಹೇಳಿದರು. ಮಳೆನೀರೆಂದರೆ ದೂಳನ್ನು ತೊಳೆದುಕೊಂಡು ಬಂದ ನೀರು.

ಇನ್ನೊಂದು ಪ್ರಕರಣ 1974ರ ಜುಲೈ 17ರ ಸೆಂತೋರ್. ಅದಕ್ಕೆ ಎರಡು ತಿಂಗಳ ಹಿಂದಷ್ಟೇ, ಮೇ 18ರಂದು, ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರ ಮುಂದಾಳತ್ವದಲ್ಲಿ ಭಾರತದ ಮೊದಲ ಪರೀಕ್ಷೆ ಪೋಖ್ರಾನ್‌ನಲ್ಲಿ ನಡೆದಿತ್ತು. ಅದು ನೆಲದಡಿಯಲ್ಲಿ. ಸೆಂತೋರ್ ತೆರೆದ ಆಕಾಶದಲ್ಲಿ. ಅದರ ಮೋಡ ಎಂಟು ಸಾವಿರ ಮೀಟರಿಗೂ ಮೇಲೆ ಹೋಗಬೇಕಿತ್ತು, ಐದು ಸಾವಿರದ ಆಸುಪಾಸಿನಲ್ಲೇ ನಿಂತಿತು. ಆ ಎತ್ತರದ ಗಾಳಿ ಬೇರೆ ದಿಕ್ಕಿನದು. ನಲವತ್ತೆರಡು ಗಂಟೆಯ ನಂತರ ಮೋಡ ತಹಿತಿ ತಲುಪಿತು. ಅಲ್ಲೇ ಇರುವುದು ರಾಜಧಾನಿ ಪಪೀಟೆ, ಪಾಲಿನೇಷ್ಯಾದ ಹೆಚ್ಚಿನ ಜನ ವಾಸಿಸುವ ದ್ವೀಪ. ಎರಡು ದಿನಗಳ ಅವಕಾಶವಿದ್ದರೂ ಯಾರಿಗೂ ತಿಳಿಸಲಿಲ್ಲ. ಸುಮಾರು 1,10,000 ಜನರಿಗೆ, ಅಂದರೆ ಆಗಿನ ಒಟ್ಟು ಜನಸಂಖ್ಯೆಯ ಬಹುಪಾಲಿಗೆ, 1 ಮಿಲಿಸೀವರ್ಟ್‌ಗಿಂತ ಹೆಚ್ಚು ವಿಕಿರಣ ತಗುಲಿರಬಹುದು ಎಂಬುದು ಫಿಲಿಪ್ ತಂಡದ ಅಂದಾಜು. ಫ್ರಾನ್ಸಿನ ಆಯೋಗ ಇದನ್ನು ಒಪ್ಪಿಲ್ಲ.

1 ಮಿಲಿಸೀವರ್ಟ್ ಎಂಬ ಅಂಕಿ ಎಲ್ಲಿಂದ ಬಂತು? ಪರಮಾಣು ಉದ್ಯಮದಿಂದ ಸಾರ್ವಜನಿಕರಿಗೆ ವರ್ಷಕ್ಕೆ ಇದಕ್ಕಿಂತ ಹೆಚ್ಚು ತಗುಲಬಾರದು ಎಂದು ಜಗತ್ತಿನೆಲ್ಲೆಡೆ ಇಟ್ಟುಕೊಂಡ ಮಿತಿ ಅದು. ಕಲ್ಲು, ಮಣ್ಣು, ಆಕಾಶದಿಂದ ನಮಗೆ ಸಹಜವಾಗಿ ತಗುಲುವ ವಿಕಿರಣ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್. ಹಾಗಾಗಿ 1 ಎಂಬುದು ಭಯಾನಕ ಅಂಕಿಯೇನಲ್ಲ. ಮುನ್ನೆಚ್ಚರಿಕೆಗೆಂದು ಎಳೆದ ಗೆರೆ. ಫ್ರಾನ್ಸಿನ 2010ರ ಪರಿಹಾರ ಕಾನೂನಿಗೆ 2018ರ ಕೊನೆಗೆ ಇದನ್ನು ಸೇರಿಸಿದರು. ಪಟ್ಟಿಯಲ್ಲಿರುವ ಕ್ಯಾನ್ಸರ್ ಬಂದಿದ್ದು, ಆ ಕಾಲದಲ್ಲಿ ದ್ವೀಪದಲ್ಲಿದ್ದರೂ, ನಿಮಗೆ ತಗುಲಿದ್ದು ಯಾವ ವರ್ಷವೂ 1ರ ಗಡಿ ದಾಟಿಲ್ಲ ಎಂದು ಸಮಿತಿ ತೋರಿಸಿದರೆ ಪರಿಹಾರ ಇಲ್ಲ. ಮುನ್ನೆಚ್ಚರಿಕೆಯ ಗೆರೆ ಹೀಗೆ ಬಾಗಿಲಿನ ಚಿಲಕವಾಯಿತು.

ಒಂದು ಸಣ್ಣ ಲೆಕ್ಕ

ನೀರಿನ ಊಹೆ ಒಂದರಿಂದ ಎಷ್ಟು ವ್ಯತ್ಯಾಸ ಬರಬಹುದು? ಕಾಗದ–ಪೆನ್ನು ಸಾಕು, ನೋಡೋಣ. ಇವು ಮಂಗರೇವಾದ ಅಂಕಿಗಳಲ್ಲ, ವಿಧಾನ ತೋರಿಸಲು ನಾನೇ ಇಟ್ಟುಕೊಂಡವು.

ಒಂದು ತೊಟ್ಟಿಯ ಮಳೆನೀರಿನಲ್ಲಿ ಲೀಟರಿಗೆ 1,000 ಬೆಕರೆಲ್ ಅಯೋಡಿನ್–131 ಇದೆ ಎಂದುಕೊಳ್ಳಿ. ಬೆಕರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಸಿಡಿಯುವುದು. ಇದರ ಅರ್ಧಾಯುಷ್ಯ 8 ದಿನ, ಅಂದರೆ ಪ್ರತಿ ಎಂಟು ದಿನಕ್ಕೆ ಅರ್ಧದಷ್ಟಾಗುತ್ತದೆ. ಅದೇ ತೊಟ್ಟಿಯಿಂದ ದಿನಕ್ಕೆ ಎರಡು ಲೀಟರ್ ಕುಡಿಯುತ್ತಾ ಹೋದ ದೊಡ್ಡವರ ಹೊಟ್ಟೆಗೆ ಒಟ್ಟು ಸುಮಾರು 23,000 ಬೆಕರೆಲ್ ಹೋಗುತ್ತದೆ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಗುಣಾಂಕ ಹಾಕಿದರೆ 0.5 ಮಿಲಿಸೀವರ್ಟ್. ಗೆರೆಯ ಕೆಳಗೆ. ಈಗ ಒಂದು ವರ್ಷದ ಕೂಸು. ಗಂಜಿ, ಹಾಲಿನಪುಡಿ ಎಲ್ಲ ಸೇರಿ ದಿನಕ್ಕೆ ಒಂದೇ ಲೀಟರ್. ಹೊಟ್ಟೆಗೆ ಹೋಗುವುದು ಅರ್ಧದಷ್ಟು, 11,500. ಆದರೆ ಕೂಸಿನ ಥೈರಾಯ್ಡ್ ಪುಟ್ಟದು, ಅಷ್ಟೇ ಅಯೋಡಿನ್ ಅಲ್ಲಿ ಎಂಟು ಪಟ್ಟು ಪೆಟ್ಟು ಕೊಡುತ್ತದೆ. ಉತ್ತರ 2 ಮಿಲಿಸೀವರ್ಟ್‌ಗಿಂತ ತುಸು ಹೆಚ್ಚು. ಗೆರೆಯ ಮೇಲೆ.

ಇನ್ನು ಊಹೆಯನ್ನು ಬದಲಿಸಿ. ಆ ಮನೆಯವರು ಕುಡಿದದ್ದು ತೊರೆಯ ನೀರು, ಅದರಲ್ಲಿ ಹತ್ತನೇ ಒಂದರಷ್ಟೇ ಅಯೋಡಿನ್ ಇತ್ತು ಎನ್ನಿ. ಕೂಸಿನ ಉತ್ತರ 0.2ಕ್ಕೆ ಇಳಿಯುತ್ತದೆ. ಬಾಂಬ್ ಅದೇ, ಮೋಡ ಅದೇ, ಮಳೆ ಅದೇ, ಕೂಸೂ ಅದೇ. ಒಂದು ಕೋಷ್ಟಕದ ಒಂದು ಕಂಬಸಾಲಿನಲ್ಲಿ ‘ತೊಟ್ಟಿ’ ಎಂಬಲ್ಲಿ ‘ತೊರೆ’ ಎಂದು ಬರೆದರೆ, ಐವತ್ತು ವರ್ಷದ ನಂತರ ಥೈರಾಯ್ಡ್ ಕ್ಯಾನ್ಸರ್ ಆದ ಒಬ್ಬ ಅಜ್ಜಿಯ ಅರ್ಜಿ ತಿರಸ್ಕೃತವಾಗುತ್ತದೆ. ಆಕೆ ಕುಡಿದದ್ದು ಯಾವ ನೀರು ಎಂದು ಕೇಳಲು ಅಣುವಿಜ್ಞಾನ ಓದಿರಬೇಕಿಲ್ಲ. ಆಕೆಯನ್ನು ಕೇಳಬೇಕು, ಅಷ್ಟೇ.

ಇನ್ನೊಂದು ಮಗ್ಗುಲು

ಹಾಗೆಂದು ಪಾಲಿನೇಷ್ಯಾದ ಪ್ರತಿ ಕ್ಯಾನ್ಸರಿಗೂ ಬಾಂಬೇ ಕಾರಣ ಎನ್ನುವಂತಿಲ್ಲ. ಫ್ರಾನ್ಸಿನ ಆರೋಗ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿನ ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಪರೀಕ್ಷೆಗಳಿಗೆ ಕಟ್ಟಬಹುದಾದ ಪಾಲು ಶೇ 2ರ ಆಸುಪಾಸಿನದು. ಇಂಥ ಕಡಿಮೆ ಪ್ರಮಾಣದ ವಿಕಿರಣದಲ್ಲಿ ಒಬ್ಬ ರೋಗಿಯನ್ನು ತೋರಿಸಿ ‘ಇವರಿಗೆ ಬಂದದ್ದು ಇದರಿಂದಲೇ’ ಎಂದು ಯಾವ ವೈದ್ಯರೂ ಹೇಳಲಾರರು. ಕ್ಯಾನ್ಸರಿನ ಮೇಲೆ ಅದರ ಕಾರಣ ಬರೆದಿರುವುದಿಲ್ಲ.

ಇಕ್ಕಟ್ಟು ಇರುವುದು ಇಲ್ಲೇ. ಕಾರಣ ಸಾಬೀತು ಮಾಡಲು ಆಗದು, ಆಗಿಲ್ಲ ಎಂದು ಸಾಬೀತು ಮಾಡಲೂ ಆಗದು. ಅನುಮಾನದ ಲಾಭ ಯಾರಿಗೆ ಎಂಬುದು ವಿಜ್ಞಾನ ಉತ್ತರಿಸುವ ಪ್ರಶ್ನೆಯಲ್ಲ, ಸಮಾಜ ತೀರ್ಮಾನಿಸಬೇಕಾದದ್ದು. ಅಮೆರಿಕ ತನ್ನ ಸ್ವಂತ ನಾಗರಿಕರ ವಿಷಯದಲ್ಲಿ 1990ರಲ್ಲೇ ಬೇರೆ ದಾರಿ ಹಿಡಿದಿತ್ತು. ನೆವಾಡಾ ಪರೀಕ್ಷೆಗಳ ಗಾಳಿ ಬೀಸಿದ ನಿರ್ದಿಷ್ಟ ಜಿಲ್ಲೆಗಳಲ್ಲಿ ಆ ವರ್ಷಗಳಲ್ಲಿ ವಾಸವಿದ್ದದ್ದಕ್ಕೆ ದಾಖಲೆ, ಪಟ್ಟಿಯಲ್ಲಿರುವ ಕಾಯಿಲೆಯ ದಾಖಲೆ, ಇವೆರಡಿದ್ದರೆ ಪರಿಹಾರ. ಎಷ್ಟು ಮಿಲಿಸೀವರ್ಟ್ ಎಂಬ ಪ್ರಶ್ನೆಯೇ ಇಲ್ಲ. 2024ರಲ್ಲಿ ಅವಧಿ ಮುಗಿದಿದ್ದ ಆ ಕಾನೂನಿಗೆ 2025ರ ಜುಲೈನಲ್ಲಿ ಮರುಜೀವ ಬಂತು. 1945ರ ಟ್ರಿನಿಟಿ ಸ್ಫೋಟದ ದೂಳು ಬಿದ್ದ ನ್ಯೂ ಮೆಕ್ಸಿಕೊ ಜನರೂ ಎಂಬತ್ತು ವರ್ಷಗಳ ನಂತರ ಅದರೊಳಗೆ ಬಂದರು. ಅಲ್ಲಿನ ಹಳ್ಳಿಗಳವರೂ ಮಾಡಿನ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಕುಡಿಯುತ್ತಿದ್ದವರೇ. ಫ್ರಾನ್ಸಿನ ಸಂಸದೀಯ ಸಮಿತಿ ಗೆರೆ ಅಳಿಸಿ ಎಂದಾಗ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ನಮ್ಮ ಘಟ್ಟಕ್ಕೂ ಬಿದ್ದ ದೂಳು

ಇದೆಲ್ಲ ಪೆಸಿಫಿಕ್ಕಿನ ಕಥೆ, ನಮಗೇನು ಎನ್ನುವಂತಿಲ್ಲ. ದೊಡ್ಡ ಸ್ಫೋಟಗಳ ನುಣ್ಣನೆಯ ದೂಳು ವಾಯುಮಂಡಲದ ಮೇಲಿನ ಪದರ ಸೇರಿ, ತಿಂಗಳುಗಟ್ಟಲೆ ಅಲ್ಲೇ ಇದ್ದು, ಜಗತ್ತಿನೆಲ್ಲೆಡೆ ಇಳಿಯಿತು. ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಆಕಾಶದ ಪರೀಕ್ಷೆ ನಿಲ್ಲಿಸಲು ಒಪ್ಪಿದ 1963ರ ಹೊತ್ತಿಗೆ ಈ ದೂಳುಮಳೆ ತುತ್ತತುದಿಗೇರಿತ್ತು. ಅದರಲ್ಲಿದ್ದ ಸೀಸಿಯಂ–137ರ ಅರ್ಧಾಯುಷ್ಯ 30 ವರ್ಷ. ಆಗ ಬಿದ್ದದ್ದರ ಸುಮಾರು ಕಾಲು ಭಾಗ ಇನ್ನೂ ಉಳಿದಿದೆ.

ಅದು ಎಲ್ಲೆಡೆ ಒಂದೇ ಸಮ ಬಿದ್ದಿಲ್ಲ. ನಾನಿರುವ ಕೋಥರೂಡದಂಥ ಪುಣೆಯ ಬಡಾವಣೆಗಳಿಗೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆ. ಚಾಂದನಿ ಚೌಕ ದಾಟಿ ಒಂದೆರಡು ತಾಸು ಪಶ್ಚಿಮಕ್ಕೆ ಹೋದರೆ ತಾಮ್ಹಿಣಿ ಘಾಟಿನಲ್ಲಿ ಅದರ ಹಲವು ಪಟ್ಟು. ದೂಳನ್ನು ಕೆಳಗಿಳಿಸುವುದು ಮುಖ್ಯವಾಗಿ ಮಳೆಯೇ ಆದ್ದರಿಂದ, ಪುಣೆ ಜಿಲ್ಲೆಗೆಂದು ಒಂದು ಸರಾಸರಿ ತೆಗೆದರೆ ಅದು ಕೋಥರೂಡಕ್ಕೂ ಹೊಂದುವುದಿಲ್ಲ, ತಾಮ್ಹಿಣಿಗೂ ಹೊಂದುವುದಿಲ್ಲ. ನಮ್ಮ ಉತ್ತರ ಕನ್ನಡಕ್ಕೂ ಇದೇ ಮಾತು. ಹಳಿಯಾಳದ ಮಳೆ ಬೇರೆ, ಕದ್ರಾದ ಮಳೆ ಬೇರೆ.

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬರುವುದಕ್ಕೆ ಮುನ್ನ ಮಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು, ಪ್ರೊ. ಕೆ. ಸಿದ್ದಪ್ಪ ಮತ್ತು ಅವರ ತಂಡದ ಎನ್. ಕರುಣಾಕರ, ಎಚ್.ಎಂ. ಸೋಮಶೇಖರಪ್ಪ ಮೊದಲಾದವರು, ಅಲ್ಲಿನ ಕಾಡಿನ ಮಣ್ಣು, ಗಿಡಗಳಲ್ಲಿ ಏನೇನಿದೆ ಎಂದು ಅಳೆದಿಟ್ಟರು. ರೇಡಿಯಂ, ಥೋರಿಯಂ, ಪೊಟ್ಯಾಸಿಯಂನಂಥ ಸಹಜ ವಸ್ತುಗಳ ಜೊತೆಗೆ ಸೀಸಿಯಂ–137 ಕೂಡ ಸಿಕ್ಕಿತು. ಸೀಸಿಯಂ–137 ನಿಸರ್ಗದಲ್ಲಿ ತಾನಾಗಿ ಇರುವಂಥದ್ದಲ್ಲ. ಸ್ಥಾವರ ಇನ್ನೂ ಶುರುವಾಗದ ಕಾಡಿನಲ್ಲಿ ಅದು ಸಿಕ್ಕಿತೆಂದರೆ ಯಾರೋ ಎಲ್ಲೋ ಸಿಡಿಸಿದ ಬಾಂಬುಗಳು ಕಾಳಿ ಕಣಿವೆಯ ಮಳೆಯೊಂದಿಗೆ ಇಳಿದು ಬಂದಿದ್ದವು ಎಂದರ್ಥ.

ಈ ಕೆಲಸದ ಬೆಲೆ ದೊಡ್ಡದು. ನಾಳೆ ಕೈಗಾದ ಸುತ್ತ ಯಾರಾದರೂ ಮಣ್ಣು ಪರೀಕ್ಷಿಸಿ ‘ಸೀಸಿಯಂ ಇದೆ’ ಎಂದರೆ, ಇದು ಹಳೆಯದೋ ಹೊಸದೋ ಎಂದು ಹೇಳಲು ಒಂದು ಆಧಾರ ಇದೆ. ಸ್ಥಾವರದ ಮೇಲೆ ಸುಳ್ಳು ಆಪಾದನೆ ಬಂದರೆ ಇದೇ ಅಂಕಿ ಅದನ್ನು ಕಾಪಾಡುತ್ತದೆ. ನಿಜವಾಗಿ ಏನಾದರೂ ಹೊರಬಂದಿದ್ದರೆ ಜನರ ಕೈಗೆ ಸಾಕ್ಷ್ಯವಾಗಿ ಒದಗುವುದೂ ಇದೇ. ಮಂಗರೇವಾದವರಿಗೆ ಇಂಥ ಒಂದು ಸ್ವತಂತ್ರ ದಾಖಲೆ ಇರಲಿಲ್ಲ. ಅಳೆದವರೂ ಬಾಂಬ್ ಸಿಡಿಸಿದವರೇ, ಅಳತೆಯನ್ನು ಕಡತದಲ್ಲಿ ಮುಚ್ಚಿಟ್ಟವರೂ ಅವರೇ, ಕೊನೆಗೆ ಅಂದಾಜು ಮಾಡಿದವರೂ ಅವರೇ.

ಕೈಗಾಕ್ಕೆ ಕೇಳಬೇಕಾದ ಪ್ರಶ್ನೆ

ಬಾಂಬ್ ಪರೀಕ್ಷೆಯನ್ನೂ ವಿದ್ಯುತ್ ಸ್ಥಾವರವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಕೈಗಾದ ಮೊದಲ ಘಟಕ ವಿದ್ಯುತ್ ಕೊಡಲಾರಂಭಿಸಿದ್ದು 2000ದಲ್ಲಿ. ಈಗ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಸುತ್ತಲಿನ ಜನರಿಗೆ ತಗುಲುವ ವಿಕಿರಣ 1 ಮಿಲಿಸೀವರ್ಟ್‌ನ ಸಣ್ಣ ಪಾಲು ಮಾತ್ರ ಎಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ವರದಿಗಳು ಹೇಳುತ್ತವೆ. ಅದು ತಪ್ಪು ಎನ್ನಲು ನನ್ನ ಬಳಿ ಯಾವ ಕಾರಣವೂ ಇಲ್ಲ. ಆದರೆ ಆ ಅಂಕಿಯೂ ಹುಟ್ಟುವುದು ಅದೇ ನಾಲ್ಕು ಮೆಟ್ಟಿಲುಗಳ ಮೇಲೆ. ಚಿಮಣಿಯಿಂದ, ನೀರಿನೊಂದಿಗೆ ಎಷ್ಟು ಹೊರಹೋಯಿತು ಎಂಬ ಅಳತೆ, ಗಾಳಿಯ ದಿಕ್ಕು, ಸುತ್ತಲಿನ ಮಾದರಿಗಳ ಪರೀಕ್ಷೆ. ಆಮೇಲೆ ‘ಇಲ್ಲಿಯ ಒಬ್ಬ ಮನುಷ್ಯ’ ಏನು ತಿನ್ನುತ್ತಾನೆ, ಏನು ಕುಡಿಯುತ್ತಾನೆ ಎಂಬ ಎಣಿಕೆ.

ಆ ಮನುಷ್ಯ ಯಾರು? ಮಲ್ಲಾಪುರದ ಟೌನ್‌ಶಿಪ್‌ನಲ್ಲಿ ನಲ್ಲಿ ನೀರು ಕುಡಿದು ಪೇಟೆಯ ಅಕ್ಕಿ ಉಣ್ಣುವ ನೌಕರನೇ? ಕಾಡಿನಂಚಿನಲ್ಲಿ ತೋಡಿನ ನೀರು ಕುಡಿದು, ಮಳೆಗಾಲದಲ್ಲಿ ಅಣಬೆ ತಿಂದು, ಕಾಳಿ ನದಿಯ ಮೀನು ಹಿಡಿಯುವ ಕುಣಬಿ ಹೆಂಗಸೇ? ಅಣಬೆ ಸೀಸಿಯಂ ಹೀರಿಕೊಳ್ಳುವುದರಲ್ಲಿ ಎತ್ತಿದ ಕೈ ಎಂಬುದು ಚೆರ್ನೋಬಿಲ್ ನಂತರ ಯುರೋಪಿನಲ್ಲಿ ಎಲ್ಲರಿಗೂ ಗೊತ್ತಾದ ವಿಷಯ. ಸರಾಸರಿ ಭಾರತೀಯನ ಊಟದ ಪಟ್ಟಿಯಲ್ಲಿ ಕಾಡಿನ ಅಣಬೆ ಇರುವುದಿಲ್ಲ. ಕೈಗಾದ ಸುತ್ತಲಿನ ಕೆಲವರ ಊಟದಲ್ಲಿ ಇರುತ್ತದೆ. ತೊಟ್ಟಿಯೋ ತೊರೆಯೋ ಎಂಬ ಪ್ರಶ್ನೆ ಇಲ್ಲಿ ಈ ರೂಪದಲ್ಲಿ ಬರುತ್ತದೆ.

ನೇರ ಅಳತೆಗೆ ಇರುವ ಬಲವನ್ನು ಕೈಗಾವೇ ಒಮ್ಮೆ ತೋರಿಸಿಕೊಟ್ಟಿದೆ. 2009ರ ನವೆಂಬರಿನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಷಿಯಂ ಇದ್ದ ಭಾರಜಲ ಬೆರೆಸಿದ್ದರು. ಹತ್ತಾರು ಕೆಲಸಗಾರರ ಮೈಸೇರಿದ ಮೇಲೆ ಅದು ಪತ್ತೆಯಾದದ್ದು ಅವರ ಮೂತ್ರವನ್ನು ನಿಯಮಿತವಾಗಿ ಪರೀಕ್ಷಿಸುವ ಪದ್ಧತಿ ಇದ್ದದ್ದರಿಂದ. ಬೇಲಿಯ ಒಳಗಿನವರಿಗೆ ಅಳತೆ ಉಂಟು. ಹೊರಗಿನವರಿಗೆ ಇರುವುದು ಅಂದಾಜು. ಎಲ್ಲ ಊರಿನವರ ಮೂತ್ರ ಪರೀಕ್ಷೆ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಅಂದಾಜು ಮಾಡುವಾಗ ಹಾಕಿದ ಅಂಕಿಗಳನ್ನು ತೋರಿಸಿ ಎಂದು ಕೇಳಬಹುದು.

ಈಗ ಕೇಳಲು ಕಾರಣವಿದೆ. ಕೈಗಾದಲ್ಲಿ ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳು ಬರಲಿವೆ. 2018ರ ಡಿಸೆಂಬರಿನಲ್ಲಿ ಸಾರ್ವಜನಿಕ ಅಹವಾಲು, 2019ರಲ್ಲಿ ಪರಿಸರ ಅನುಮತಿ ಮುಗಿದಿವೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಜೈತಾಪುರದಲ್ಲಿ ಫ್ರಾನ್ಸಿನ ಸರ್ಕಾರಿ ವಿದ್ಯುತ್ ಕಂಪನಿಯ ಆರು ದೈತ್ಯ ರಿಯಾಕ್ಟರುಗಳ ಪ್ರಸ್ತಾಪ ಇನ್ನೂ ಜೀವಂತವಾಗಿದೆ. ಖಾಸಗಿ ಕಂಪನಿಗಳಿಗೂ ಅಣುವಿದ್ಯುತ್ತಿನ ಬಾಗಿಲು ತೆರೆಯುವ ‘ಶಾಂತಿ’ ಮಸೂದೆಗೆ 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಮುಂದೆ ಹೊಸ ಊರುಗಳ ಪಕ್ಕ ಹೊಸ ಸ್ಥಾವರಗಳು ಏಳುತ್ತವೆ. ಕೈಗಾಕ್ಕೆ ಮಂಗಳೂರು ವಿಶ್ವವಿದ್ಯಾಲಯ ಮಾಡಿದ ಕೆಲಸವನ್ನು ಅಲ್ಲೆಲ್ಲ ಯಾರು ಮಾಡುತ್ತಾರೆ? ಮಾಡಿದ ಮೇಲೆ ಅಂಕಿಗಳು ಯಾರ ಕೈಯಲ್ಲಿರುತ್ತವೆ?

ಕೇಳಬೇಕಾದವು ಮೂರು. ಒಂದು, ಅಡಿಪಾಯ ಅಗೆಯುವ ಮೊದಲೇ ಸ್ವತಂತ್ರ ವಿಶ್ವವಿದ್ಯಾಲಯವೊಂದರಿಂದ ಮಣ್ಣು, ನೀರು, ಮೀನು, ಹಾಲು, ಕಾಡು ಉತ್ಪನ್ನಗಳ ಮೂಲಮಟ್ಟದ ಅಳತೆ. ಎರಡು, ಊರೂರಿನ ಆಹಾರ ಮತ್ತು ನೀರಿನ ಸಮೀಕ್ಷೆ, ಹೆಂಗಸರನ್ನೂ ಮಕ್ಕಳನ್ನೂ ಬೇರೆಯಾಗಿ ಎಣಿಸಿ. ಮೂರು, ವರ್ಷದ ಕೊನೆಗೆ ಒಂದು ಸರಾಸರಿ ಅಂಕಿ ಕೊಟ್ಟು ಮುಗಿಸದೆ, ಅದರ ಹಿಂದಿನ ಪ್ರತಿ ಮಾದರಿಯ ಅಳತೆಯನ್ನೂ, ಲೆಕ್ಕದ ಊಹೆಗಳನ್ನೂ ಯಾರು ಬೇಕಾದರೂ ಇಳಿಸಿಕೊಂಡು ಮತ್ತೆ ಲೆಕ್ಕ ಹಾಕುವಂತೆ ಪ್ರಕಟಿಸುವುದು. ಇದರಲ್ಲಿ ಬಾಂಬಿನ ಗುಟ್ಟೂ ಇಲ್ಲ, ದೇಶದ ಭದ್ರತೆಯ ಪ್ರಶ್ನೆಯೂ ಇಲ್ಲ. ಕದ್ರಾ ಹಳ್ಳದ ನೀರಿನಲ್ಲಿ ಎಷ್ಟು ಟ್ರಿಷಿಯಂ ಇದೆ ಎಂಬುದು ಆ ನೀರು ಕುಡಿಯುವವರಿಗೆ ಗೊತ್ತಿರಬೇಕಾದ ಸಂಗತಿ.

ಇದು ನಮಗೆ ಪರಕೀಯವಾದ ಬೇಡಿಕೆಯೂ ಅಲ್ಲ. ಕ್ಯಾಸಲ್ ಬ್ರಾವೊ ಸಿಡಿದು ಒಂದು ತಿಂಗಳಿಗೆ, 1954ರ ಏಪ್ರಿಲ್ 2ರಂದು, ಜವಾಹರಲಾಲ್ ನೆಹರೂ ಲೋಕಸಭೆಯಲ್ಲಿ ಪರೀಕ್ಷೆಗಳನ್ನು ಸ್ಥಗಿತಗೊಳಿಸಬೇಕೆಂದು ಕರೆ ಕೊಟ್ಟರು. ಜಗತ್ತಿನ ನಾಯಕರಲ್ಲಿ ಹಾಗೆ ಕೇಳಿದ ಮೊದಲಿಗರು ಅವರು. ಇಂಥ ಅಸ್ತ್ರಗಳ ಪರಿಣಾಮ ಏನೆಂಬುದನ್ನು ತಯಾರಿಸುವ ದೇಶಗಳು ಜನರಿಗೆ ಪೂರ್ತಿಯಾಗಿ ತಿಳಿಸಬೇಕು ಎಂಬುದೂ ಅದೇ ಹೇಳಿಕೆಯಲ್ಲಿತ್ತು. ಅವರು ಕಾಯುತ್ತಾ ಕೂರಲಿಲ್ಲ. ಡಿ.ಎಸ್. ಕೊಠಾರಿ ಅವರ ನೇತೃತ್ವದಲ್ಲಿ ಭಾರತದ ವಿಜ್ಞಾನಿಗಳೇ ಅಣುಸ್ಫೋಟಗಳ ಪರಿಣಾಮದ ಬಗ್ಗೆ ಪುಸ್ತಕ ಸಿದ್ಧಪಡಿಸಿದರು. 1956ರಲ್ಲಿ ಸರ್ಕಾರವೇ ಅದನ್ನು ಪ್ರಕಟಿಸಿತು. ಆಗ ನಮ್ಮಲ್ಲಿ ಬಾಂಬೂ ಇರಲಿಲ್ಲ, ಅಣುವಿದ್ಯುತ್ತೂ ಇರಲಿಲ್ಲ. ಬೇರೆಯವರ ಲೆಕ್ಕವನ್ನು ನಾವೇ ಕೂತು ಮತ್ತೆ ಮಾಡಿದೆವು. ಈಗ ಲೆಕ್ಕ ಒಪ್ಪಿಸಬೇಕಾದ ಜಾಗದಲ್ಲಿ ನಾವಿದ್ದೇವೆ. ಆಗ ಅಮೆರಿಕದಿಂದ ಕೇಳಿದ್ದನ್ನು ಈಗ ಕೈಗಾದ ಸುತ್ತಲಿನವರು ನಮ್ಮ ಸರ್ಕಾರದಿಂದ ಕೇಳಿದರೆ ಅದು ವಿರೋಧವಾಗುವುದಿಲ್ಲ.

ಕೆಲಸಕ್ಕೆಂದು ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರ ತಂದೆ–ತಾಯಿ ಈಗಲೂ ಬಾವಿಯ ನೀರನ್ನೇ ಕುಡಿಯುತ್ತಾರೆ. ನಮ್ಮಲ್ಲಿ ಎಷ್ಟೋ ಮಂದಿಗೆ ದಿನಬೆಳಗಾದರೆ ದತ್ತಾಂಶದ ಜೊತೆಗೇ ಕೆಲಸ. ಅಂಕಿಗಳು ಹೊರಗೆ ಬಂದರೆ ಓದಿ ಹೇಳಲು ಜನರಿಗೆ ಬರವಿಲ್ಲ. ಮೊದಲು ಅವು ಹೊರಗೆ ಬರಬೇಕು.

(ಲೇಖಕ: ಸಾಫ್ಟ್‌ವೇರ್ ಎಂಜಿನಿಯರ್, ಕೋಥರೂಡ, ಪುಣೆ)